ಮನೆಯನ್ನು ತಂಪಾಗಿಡುವ ವಿದ್ಯೆ

ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳು ಸಮೀಪಿಸಿದವೆಂದರೆ ನಮ್ಮ ಮನೆಮನೆಗಳಲ್ಲಿಯೂ ಒಂದೇ ಪ್ರಶ್ನೆ: ಮುಂದೇನು? ವೈದ್ಯಕೀಯ, ಇಲ್ಲವಾದರೆ ಕಂಪ್ಯೂಟರ್ ವಿಜ್ಞಾನ, ಅದೂ ಇಲ್ಲವಾದರೆ ಉಳಿದ ಯಾವುದಾದರೊಂದು ಎಂಜಿನಿಯರಿಂಗ್ ಶಾಖೆ. ಈ ಮೂರು ಬಾಗಿಲುಗಳ ಮುಂದೆಯೇ ನಮ್ಮ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಾರೆ. ನಾಲ್ಕನೆಯ ಬಾಗಿಲೊಂದು ಇದೆಯೆಂಬುದನ್ನು ಅವರಿಗೆ ತಿಳಿಸುವವರು ವಿರಳ. ಅಂಥ ಒಂದು ಬಾಗಿಲಿನ ವಿಷಯವನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಈ ಲೇಖನ. ಇದನ್ನು ಬರೆಯಲು ನನಗಿರುವ ಅರ್ಹತೆ ಎರಡು. ಮೊದಲನೆಯದು, ಮೂವತ್ತನಾಲ್ಕು ವರ್ಷ ನಾನು ಸಿವಿಲ್ ಎಂಜಿನಿಯರನಾಗಿ ಸೇವೆ ಸಲ್ಲಿಸಿ ನಿವೃತ್ತನಾದವನು. ಎರಡನೆಯದು, ಈ ವಿದ್ಯೆ ತಿಳಿಯದೆ ನನ್ನ ಸ್ವಂತ ಮನೆಯನ್ನೇ ಕೆಡಿಸಿಕೊಂಡವನು.

ಕಲಬುರಗಿ ಜಿಲ್ಲೆಯ ನಮ್ಮೂರಿನಲ್ಲಿ ನಮ್ಮ ತಂದೆಯವರ ಕಾಲದ ಮಾಳಿಗೆ ಮನೆಯೊಂದಿತ್ತು. ಕಲ್ಲು ಮಣ್ಣಿನ ಎರಡೂವರೆ ಅಡಿ ದಪ್ಪದ ಗೋಡೆ, ತೊಲೆ ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಗೇಣುದ್ದಕ್ಕೂ ಮಿಗಿಲಾಗಿ ಹರಡಿದ ಸವುಳು ಮಣ್ಣು, ನೆಲಕ್ಕೆ ಶಹಾಬಾದಿ ಪರಸಿ, ನಡುವೆ ಬೆಳಕಿಂಡಿ. ವೈಶಾಖದ ಮಧ್ಯಾಹ್ನ ಹೊಲದಿಂದ ಬಂದವರು ಪಡಸಾಲೆಯಲ್ಲಿ ಕಾಲಿಟ್ಟೊಡನೆ ಹೆಗಲ ಮೇಲಿನ ಟವೆಲ್ಲು ತೆಗೆದು ‘ಶಿವಾ’ ಎಂದು ಕುಳಿತುಬಿಡುತ್ತಿದ್ದರು. ಪಂಖ ಇರಲಿಲ್ಲ, ಬೇಕೆಂದೂ ಅನ್ನಿಸುತ್ತಿರಲಿಲ್ಲ. 1986ರಲ್ಲಿ ನಾನು ಆ ಮನೆಯನ್ನು ಕೆಡವಿಸಿದೆ. ಮಳೆಗಾಲದಲ್ಲಿ ಸೋರುತ್ತಿತ್ತು, ಪ್ರತಿವರ್ಷ ಮಣ್ಣು ಹಾಕಿಸಬೇಕಿತ್ತು, ಎಂಜಿನಿಯರನ ತಂದೆ ಮಣ್ಣಿನ ಮನೆಯಲ್ಲಿರುವುದೇ ಎಂಬ ಮಾತು ಬೇರೆ. ನಾಲ್ಕೂವರೆ ಅಂಗುಲ ದಪ್ಪದ ಆರ್.ಸಿ.ಸಿ. ಛಾವಣಿ ಹಾಕಿಸಿ, ರಸ್ತೆ ಇರುವುದು ಪಶ್ಚಿಮಕ್ಕಾದ್ದರಿಂದ ಆ ಕಡೆಗೇ ದೊಡ್ಡ ದೊಡ್ಡ ಗಾಜಿನ ಕಿಟಕಿಗಳನ್ನಿರಿಸಿ, ಊರಿಗೆಲ್ಲ ಕಾಣುವಂತೆ ಕಟ್ಟಿಸಿದೆ. ಬೀಮು, ಕಂಬ, ಕಬ್ಬಿಣಗಳ ಲೆಕ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದೇ ವರ್ಷದ ಬೇಸಗೆಯಿಂದ ನಮ್ಮ ತಂದೆಯವರು ಹೊರಗೆ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಮಲಗತೊಡಗಿದರು. ಮಗನ ಮನೆಯ ಬಗ್ಗೆ ಅವರು ಒಂದು ಮಾತನ್ನೂ ಆಡಲಿಲ್ಲ. 1994ರಲ್ಲಿ ಲಿಂಗೈಕ್ಯರಾಗುವವರೆಗೆ ಪ್ರತಿ ಬೇಸಗೆಯೂ ಆ ಬೇವಿನ ಮರದ ಕೆಳಗೇ ಕಳೆದರು.

ಭಾರ ಹೊರುವ ಲೆಕ್ಕ ನನಗೆ ಬರುತ್ತಿತ್ತು. ಬಿಸಿ ಹೊರುವ ಲೆಕ್ಕವನ್ನು ನನಗೆ ಯಾರೂ ಕಲಿಸಿರಲಿಲ್ಲ. ಈಗ ಅದನ್ನು ಕಲಿಸುವ ವಿದ್ಯಾಲಯಗಳಿವೆ, ಅದನ್ನೇ ವೃತ್ತಿಯಾಗಿ ನಡೆಸುವವರಿದ್ದಾರೆ. ಶಕ್ತಿಮಿತವ್ಯಯದ ಕಟ್ಟಡ ವಿನ್ಯಾಸ, ಸಮಗ್ರ ಕಟ್ಟಡ ವಿನ್ಯಾಸ ಎಂದು ಅದನ್ನು ಕರೆಯುತ್ತಾರೆ. ಹೆಸರು ದೊಡ್ಡದಾದರೂ ಒಳಗಿನ ತತ್ತ್ವ ನಮ್ಮ ಅಜ್ಜ-ಮುತ್ತಜ್ಜಂದಿರಿಗೆ ಅಪರಿಚಿತವಾದುದಲ್ಲ.

ಮೊದಲಿಗೆ ಆ ಬಿಸಿಯ ಲೆಕ್ಕವನ್ನೇ ಸ್ವಲ್ಪ ನೋಡೋಣ. ನಮ್ಮ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಸೂರ್ಯನು ನಡುಹಗಲಿಗೆ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುತ್ತಾನೆ. ಆದಕಾರಣ ಮನೆಯ ಎಲ್ಲ ಭಾಗಗಳಿಗಿಂತ ಹೆಚ್ಚು ಬಿಸಿಲನ್ನು ಕುಡಿಯುವುದು ಛಾವಣಿ. ಅದರ ನಂತರ ಪೂರ್ವ ಪಶ್ಚಿಮದ ಗೋಡೆಗಳು. ಒಂದು ಛಾವಣಿಯ ಒಂದು ಚದರ ಮೀಟರಿನ ಮೂಲಕ, ಹೊರಗೂ ಒಳಗೂ ಒಂದು ಡಿಗ್ರಿಯ ಅಂತರವಿದ್ದಾಗ ಎಷ್ಟು ವಾಟ್ ಶಾಖ ಹರಿಯುತ್ತದೆಂಬುದನ್ನು ಅಳೆಯುವ ಮಾನವಿದೆ. ಬರಿಯ ಕಾಂಕ್ರೀಟು ಛಾವಣಿಗೆ ಈ ಅಂಕಿ ಮೂರನ್ನು ದಾಟುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ವಾಸದ ಮನೆಗಳಿಗಾಗಿ 2018ರಲ್ಲಿ ಹೊರಡಿಸಿದ ‘ಇಕೋ ನಿವಾಸ ಸಂಹಿತಾ’ ಈ ಅಂಕಿ 1.2ನ್ನು ಮೀರಕೂಡದೆಂದು ಹೇಳುತ್ತದೆ. ನೂರು ಚದರ ಮೀಟರಿನ ಒಂದು ಮನೆಯನ್ನು ತೆಗೆದುಕೊಳ್ಳಿ. ಬಿಸಿಲಿನ ಪ್ರಭಾವವನ್ನೂ ಸೇರಿಸಿ ಮೇಲ್ಗಡೆ ಒಳಗಿಗಿಂತ ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿಯಿದೆಯೆಂದು ಲೆಕ್ಕಕ್ಕೆ ಹಿಡಿಯಿರಿ. ಮೂರೂವರೆ ಅಂಕಿಯ ಕಾಂಕ್ರೀಟಿನಿಂದ 7000 ವಾಟ್ ಶಾಖ ಒಳಗಿಳಿಯುತ್ತದೆ. ಸಂಹಿತೆಯಂತೆ ಕಟ್ಟಿದ ಛಾವಣಿಯಿಂದ ಇಳಿಯುವುದು 2400 ವಾಟ್ ಮಾತ್ರ. ಎ.ಸಿ. ಯಂತ್ರದ ಒಂದು ‘ಟನ್’ ಎಂದರೆ ಸುಮಾರು 3500 ವಾಟ್ ಶಾಖವನ್ನು ಹೊರಹಾಕುವ ಶಕ್ತಿ. ಹಿಂದಿನ ಕಾಲದಲ್ಲಿ ಮಂಜುಗಡ್ಡೆಯಿಂದ ತಂಪು ಮಾಡುತ್ತಿದ್ದಾಗ ಒಂದು ಟನ್ ಮಂಜು ಒಂದು ಹಗಲು ಒಂದು ಇರುಳಿನಲ್ಲಿ ಕರಗಿ ಕೊಡುತ್ತಿದ್ದ ತಂಪು ಇಷ್ಟೇ. ಆ ಹೆಸರು ಹಾಗೆಯೇ ಉಳಿದಿದೆ. ಎಂದ ಮೇಲೆ ನನ್ನಂಥವನು ಕಟ್ಟಿದ ಛಾವಣಿಯಿಂದ ಇಳಿಯುವ ಬಿಸಿಯನ್ನು ಹೊರಗೆ ಎತ್ತಿಹಾಕಲಿಕ್ಕೇ ಎರಡು ಟನ್ನಿನ ಯಂತ್ರ ಬೇಕು. ಗೋಡೆ, ಕಿಟಕಿ, ಜನ, ಒಲೆ, ದೀಪಗಳ ಬಿಸಿ ಅದರ ಮೇಲೆ.

ಮಾಳಿಗೆ ಮನೆಯ ರಹಸ್ಯ ಇದಕ್ಕಿಂತ ಸ್ವಲ್ಪ ಬೇರೆ. ದಪ್ಪನೆಯ ಮಣ್ಣು ಬಿಸಿಯನ್ನು ತಡೆಯುವುದಷ್ಟೇ ಅಲ್ಲ, ತಡಮಾಡಿಸುತ್ತದೆ. ಮಧ್ಯಾಹ್ನದ ಬಿಸಿಲು ಗೋಡೆಯೊಳಗೆ ಮೆಲ್ಲಮೆಲ್ಲನೆ ನಡೆದು ಒಳಮೈಯನ್ನು ಮುಟ್ಟುವ ಹೊತ್ತಿಗೆ ಹೊರಗೆ ರಾತ್ರಿಯ ತಂಗಾಳಿ ಬೀಸುತ್ತಿರುತ್ತದೆ. ಬೆಳಕಿಂಡಿ ಕಿಟಕಿಗಳನ್ನು ತೆರೆದರೆ ಬಂದ ಬಿಸಿ ಹಾಗೆಯೇ ಹೊರಟುಹೋಗುತ್ತದೆ. ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ಹೆಚ್ಚಾಗಿರುವ ಕಲಬುರಗಿ, ರಾಯಚೂರು, ವಿಜಯಪುರಗಳಂಥ ಒಣ ಸೀಮೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಮಂಗಳೂರಿನಲ್ಲಿ ಇದೇ ಮನೆ ಕಟ್ಟಿದರೆ ಕುದಿದುಹೋಗಬೇಕಾದೀತು. ಅಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ನೀರು. ಅಲ್ಲಿಗೆ ಇಳಿಜಾರು ಹೆಂಚು, ಉದ್ದನೆಯ ಚಾವಡಿ, ಗಾಳಿ ಆರಪಾರ ಹಾಯುವ ಕಿಟಕಿಗಳೇ ಸರಿ. ನಮ್ಮ ದೇಶವನ್ನು ಕಟ್ಟಡ ವಿಜ್ಞಾನಿಗಳು ಹವೆಯ ದೃಷ್ಟಿಯಿಂದ ಐದು ವಲಯಗಳಾಗಿ ವಿಂಗಡಿಸಿದ್ದಾರೆ. ಮೇಲೆ ಹೇಳಿದ ಸಂಹಿತೆಯೂ ಒಣ ಬಿಸಿಲಿನ ಸೀಮೆಯಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ನೂರಕ್ಕೆ 10ರಷ್ಟಾದರೂ ಇರಲೆಂದೂ, ಕರಾವಳಿಯಂಥ ಸೆಕೆಯ ಸೀಮೆಯಲ್ಲಿ 16.66ರಷ್ಟಿರಲೆಂದೂ ವಿಧಿಸಿದೆ. ಹಳಬರು ಅನುಭವದಿಂದ ಕಂಡುಕೊಂಡದ್ದಕ್ಕೆ ಇದು ಅಂಕಿಗಳ ಮುದ್ರೆ.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆ. ಬಾಗಿಲು ಯಾವ ದಿಕ್ಕಿಗಿದ್ದರೆ ಸಂಪತ್ತು ಬರುತ್ತದೆಂದು ಕೇಳಲು ನೂರಾರು ಮೈಲಿ ಹೋಗಿ ಬರುವ ನಮ್ಮವರು, ಪಡುವಣ ಸೂರ್ಯ ಸಂಜೆ ನಾಲ್ಕು ಗಂಟೆಗೆ ಮಲಗುವ ಕೋಣೆಯೊಳಗೆ ಎಲ್ಲಿಯವರೆಗೆ ಬರುತ್ತಾನೆಂದು ಕೇಳುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಹೇಳುವವರ ಮಾತು ಒಬ್ಬರದು ಒಬ್ಬರಿಗೆ ಕೂಡುವುದಿಲ್ಲ. ಎರಡನೆಯದಕ್ಕೆ ಉತ್ತರ ರೇಖಾಗಣಿತದಲ್ಲಿದೆ. ಕಲಬುರಗಿಯಲ್ಲಿ ಡಿಸೆಂಬರ್ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ಸುಮಾರು 49 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೇಸಗೆಯಲ್ಲಿ ಇನ್ನೂ ಮೇಲೇರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಗೆ ಎರಡಡಿಯ ಒಂದು ಛಜ್ಜಾ ಹಾಕಿದರೆ ಬಹಳ ಮಟ್ಟಿಗೆ ನೆರಳಾಯಿತು. ಪಶ್ಚಿಮದ ಸೂರ್ಯ ಹಾಗಲ್ಲ. ಆತ ತಗ್ಗಿನಿಂದ ನೇರವಾಗಿ ಒಳನುಗ್ಗುತ್ತಾನೆ, ಛಜ್ಜಾ ಎಷ್ಟು ಉದ್ದವಿದ್ದರೂ ಲೆಕ್ಕಕ್ಕಿಲ್ಲ. ಅಲ್ಲಿಗೆ ಬೇಕಾದದ್ದು ಜಾಲಂಧ್ರ, ಬಿದಿರ ತಟ್ಟಿ, ಬಳ್ಳಿಯ ಚಪ್ಪರ ಅಥವಾ ಒಂದು ಮರ. ನನ್ನ ಗಾಜಿನ ಕಿಟಕಿಗಳು ಯಾವ ದಿಕ್ಕಿಗಿದ್ದವೆಂಬುದನ್ನು ಓದುಗರು ಮರೆತಿರಲಾರರು.

ಇನ್ನು ‘ಸಮಗ್ರ’ ಎಂಬ ಶಬ್ದದ ವಿಚಾರ. ಒಂದು ದೊಡ್ಡ ಕಟ್ಟಡ ಏಳುವ ಬಗೆಯನ್ನು ನಾನು ವೃತ್ತಿಯಲ್ಲಿ ಕಂಡದ್ದು ಹೀಗೆ. ಮೊದಲು ವಾಸ್ತುಶಿಲ್ಪಿ ತನ್ನ ಕೋಣೆಯಲ್ಲಿ ಕುಳಿತು ರೂಪ ಬರೆಯುತ್ತಾನೆ. ಆ ನಕ್ಷೆ ಕಂಬ ತೊಲೆಗಳ ಎಂಜಿನಿಯರನ ಮೇಜಿಗೆ ಹೋಗುತ್ತದೆ. ಅಲ್ಲಿಂದ ವಿದ್ಯುತ್ತಿನವನಿಗೆ, ಕಟ್ಟಕಡೆಗೆ ಎ.ಸಿ.ಯವನಿಗೆ. ಎ.ಸಿ.ಯವನ ಕೈಗೆ ಬರುವ ಹೊತ್ತಿಗೆ ದಿಕ್ಕು, ಗಾಜು, ಛಾವಣಿ ಎಲ್ಲವೂ ನಿಶ್ಚಿತವಾಗಿರುತ್ತವೆ. ಆತನಿಗುಳಿದ ಕೆಲಸ, ಬಂದ ಬಿಸಿಗೆ ತಕ್ಕಷ್ಟು ದೊಡ್ಡ ಯಂತ್ರವನ್ನು ಆರಿಸುವುದು. ಯಾರೂ ಆಕ್ಷೇಪಿಸದಿರಲೆಂದು ಅದಕ್ಕಿಂತ ಒಂದು ಅಳತೆ ದೊಡ್ಡದನ್ನೇ ಆರಿಸುತ್ತಾನೆ. ಮದುವೆಯ ಮನೆಯಲ್ಲಿ ಪೆಂಡಾಲಿನವನಿಗೊಂದು ಲೆಕ್ಕ, ಅಡುಗೆಯವನಿಗೊಂದು ಲೆಕ್ಕ, ಬಸ್ಸಿನವನಿಗೊಂದು ಲೆಕ್ಕ ಹೇಳಿದರೆ ಏನಾಗುತ್ತದೆಂಬುದು ನಮಗೆ ಗೊತ್ತಿದೆ. ಮೇಲಾಗಿ, ಬಹುಕಡೆ ಸಲಹೆಗಾರರ ಶುಲ್ಕ ಕೆಲಸದ ವೆಚ್ಚದ ಮೇಲೆ ನೂರಕ್ಕೆ ಇಷ್ಟು ಎಂದು ನಿಗದಿಯಾಗಿರುತ್ತದೆ. ಯಂತ್ರ ಚಿಕ್ಕದಾದರೆ ಶುಲ್ಕವೂ ಚಿಕ್ಕದು. ಕಡಿಮೆ ಮಾಡಬಲ್ಲವನು ತನ್ನ ಗಂಟನ್ನೇ ಕಳೆದುಕೊಳ್ಳುವ ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ತಿಳಿಯದು.

ಸಮಗ್ರ ವಿನ್ಯಾಸವೆಂದರೆ ಇವರೆಲ್ಲರೂ ಮೊದಲ ದಿನವೇ ಒಂದು ಮೇಜಿನ ಸುತ್ತ ಕೂಡುವುದು. ಛಾವಣಿಗೆ ಶಾಖನಿರೋಧಕ ಪದರ ಹಾಕಿದರೆ ಖರ್ಚು ಹೆಚ್ಚೆಂದು ಒಬ್ಬನು ಹೇಳಿದರೆ, ಆಗ ನನ್ನ ಯಂತ್ರ ಚಿಕ್ಕದಾಗುತ್ತದೆಂದು ಇನ್ನೊಬ್ಬನು ಹೇಳುತ್ತಾನೆ. ಯಂತ್ರ ಚಿಕ್ಕದಾದರೆ ಗಾಳಿಕೊಳವೆ ಚಿಕ್ಕದು, ಟ್ರಾನ್ಸ್‌ಫಾರ್ಮರ್ ಚಿಕ್ಕದು, ಜನರೇಟರ್ ಚಿಕ್ಕದು ಎಂದು ಮತ್ತೊಬ್ಬನು ಸೇರಿಸುತ್ತಾನೆ. ಒಂದು ಕಡೆ ಹೆಚ್ಚಾದ ಹಣ ನಾಲ್ಕು ಕಡೆ ಉಳಿಯುತ್ತದೆ. ಈ ಮೇಜಿನ ಸುತ್ತ ಕೂತವರೆಲ್ಲರ ಭಾಷೆಯನ್ನೂ ಬಲ್ಲ, ಕಟ್ಟಡವಿನ್ನೂ ಕಾಗದದ ಮೇಲಿರುವಾಗಲೇ ಅದು ವರ್ಷದ 8760 ಗಂಟೆಗಳಲ್ಲಿ ಪ್ರತಿ ಗಂಟೆಗೂ ಎಷ್ಟು ಬಿಸಿಯಾಗುತ್ತದೆ, ಎಷ್ಟು ವಿದ್ಯುತ್ತು ತಿನ್ನುತ್ತದೆ ಎಂದು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ತೋರಿಸಬಲ್ಲ ತಜ್ಞನೊಬ್ಬ ಬೇಕಾಗುತ್ತಾನೆ. ನಾನು ಹೇಳಹೊರಟಿರುವ ವೃತ್ತಿ ಅದೇ. ಲೆಕ್ಕಕ್ಕೆ ಬಳಸುವ ‘ಎನರ್ಜಿಪ್ಲಸ್’ ಎಂಬ ತಂತ್ರಾಂಶವನ್ನು ಅಮೆರಿಕದ ಇಂಧನ ಇಲಾಖೆ ಎಲ್ಲರಿಗೂ ಉಚಿತವಾಗಿ ಒದಗಿಸಿದೆ. ಆಸಕ್ತಿಯುಳ್ಳ ವಿದ್ಯಾರ್ಥಿ ಶುಲ್ಕವಿಲ್ಲದೆ ಮನೆಯಲ್ಲಿಯೇ ಅಭ್ಯಾಸ ಮಾಡಬಹುದು.

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ಎರಡು ಉದಾಹರಣೆಗಳು. ಮೊದಲನೆಯದು ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕಟ್ಟಡ. ವಿನ್ಯಾಸ ವಾಸ್ತುಶಿಲ್ಪಿ ಸಂಜಯ್ ಮೋಹೆಯವರದು. ನಿವೇಶನದ ದಕ್ಷಿಣಕ್ಕೆ ದುರ್ನಾತದ ಒಂದು ಚರಂಡಿ ಹರಿಯುತ್ತಿತ್ತು, ಗಾಳಿಯೂ ಆ ಕಡೆಯಿಂದಲೇ. ಬೇರೆ ಯಾರಾದರೂ ಆಗಿದ್ದರೆ ಕಿಟಕಿಗಳನ್ನೆಲ್ಲ ಮುಚ್ಚಿ ಎ.ಸಿ. ಹಾಕಿಸುತ್ತಿದ್ದರು. ಇವರು ದಕ್ಷಿಣಕ್ಕೆ ಕಿಟಕಿಯಿಲ್ಲದ ಜೋಡಿ ಗೋಡೆ ಕಟ್ಟಿ, ಹೊರಗೋಡೆಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ; ಎರಡು ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಟುಹೋಗುತ್ತದೆ; ಖಾಲಿಯಾದ ಜಾಗವನ್ನು ತುಂಬಲು ಉತ್ತರದ ಕಡೆಯಿಂದ ಶುದ್ಧ ಗಾಳಿ ಕಟ್ಟಡದೊಳಗೆಲ್ಲ ಹಾಯ್ದು ಬರುತ್ತದೆ. ಒಲೆಯ ಹೊಗೆ ಮೇಲಿನ ಗವಾಕ್ಷಿಯಿಂದ ಹೋಗುವಾಗ ಬಾಗಿಲ ಸಂದಿಯಿಂದ ಗಾಳಿ ಒಳಬರುವುದಿಲ್ಲವೇ, ಅದೇ ನಿಯಮ. ಕಾಡುವ ಬಿಸಿಲನ್ನೇ ಆಳಾಗಿ ದುಡಿಸಿಕೊಂಡ ಈ ಉಪಾಯವನ್ನು ಓದಿದಾಗ ಆ ಕಟ್ಟಡವನ್ನೊಮ್ಮೆ ನೋಡಿಬರಬೇಕೆನ್ನಿಸಿ, ಹೋಗಿ ನೋಡಿಯೂ ಬಂದೆ.

ಎರಡನೆಯದು ಇನ್‌ಫೋಸಿಸ್ ಸಂಸ್ಥೆಯದು. ಸಂಸ್ಥೆ ಬೆಂಗಳೂರಿನದಾದರೂ ಕಟ್ಟಡವಿರುವುದು ಹೈದರಾಬಾದಿನ ಪೋಚಾರಂ ಆವರಣದಲ್ಲಿ. 2011ರಲ್ಲಿ ಬಳಕೆಗೆ ಬಂತು. ಸುಮಾರು ಎರಡೂವರೆ ಲಕ್ಷ ಚದರ ಅಡಿಯ ಆ ಕಟ್ಟಡವನ್ನು ಸಮನಾದ ಎರಡು ಪಾಲು ಮಾಡಿ, ಒಂದು ಪಾಲಿಗೆ ಉತ್ತಮ ದರ್ಜೆಯ ಸಾಮಾನ್ಯ ಎ.ಸಿ. ವ್ಯವಸ್ಥೆಯನ್ನೂ, ಇನ್ನೊಂದು ಪಾಲಿಗೆ ಸ್ಲ್ಯಾಬಿನೊಳಗೇ ಹುದುಗಿಸಿದ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆಯನ್ನೂ ಅಳವಡಿಸಿದರು. ಒಂದು ಗಾತ್ರದ ನೀರು ಅಷ್ಟೇ ಗಾತ್ರದ ಗಾಳಿಗಿಂತ ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊತ್ತೊಯ್ಯಬಲ್ಲುದು. ಗಾಳಿಯನ್ನು ದೂಡುವ ದೊಡ್ಡ ಪಂಖಗಳ ಬದಲು ಸಣ್ಣ ಪಂಪು ಸಾಕು. ಉಸಿರಾಟದ ಗಾಳಿಯನ್ನಷ್ಟೇ ಬೇರೆಯಾಗಿ ಒಣಗಿಸಿ ಬಿಡುತ್ತಾರೆ, ಇಲ್ಲದಿದ್ದರೆ ತಣ್ಣಗಿನ ಛಾವಣಿಗೆ ನೀರು ಹನಿಗಟ್ಟೀತು. ಎರಡು ವರ್ಷ ಅಳೆದು ನೋಡಲಾಗಿ ತಣ್ಣೀರಿನ ಪಾಲು ತಂಪಿಗಾಗಿ ಬಳಸಿದ ವಿದ್ಯುತ್ತು ಇನ್ನೊಂದಕ್ಕಿಂತ ನೂರಕ್ಕೆ 34ರಷ್ಟು ಕಡಿಮೆ. ಮೊದಲ ಖರ್ಚಾದರೂ ಹೆಚ್ಚಾಗಿತ್ತೇ ಎಂದರೆ ಅದೂ ಇಲ್ಲ, ತುಸು ಕಡಿಮೆಯೇ. ಮಾತಿನಿಂದ ಒಪ್ಪದ ಲೆಕ್ಕಪತ್ರದವರೂ ಇಂಥ ಜೋಡಿ ಪರೀಕ್ಷೆಯ ಮುಂದೆ ಒಪ್ಪಲೇಬೇಕು.

ಯಂತ್ರಗಳ ಮಾತಾಯಿತು, ಇಟ್ಟಿಗೆಯ ಮಾತನ್ನೂ ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ್ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹಳ್ಳಿಗಳಿಗೊದಗುವ ತಂತ್ರಜ್ಞಾನವನ್ನೇ ಗುರಿಯಾಗಿರಿಸಿಕೊಂಡಿತ್ತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡುವ, ಸುಡುವ ಅಗತ್ಯವಿಲ್ಲದ ಮಣ್ಣಿನ ಬ್ಲಾಕುಗಳನ್ನು ದಶಕಗಳ ಕಾಲ ಪರೀಕ್ಷಿಸಿ ರೂಢಿಗೆ ತಂದರು. ಭಟ್ಟಿಗೆ ಸುರಿಯುವ ಸೌದೆ ಕಲ್ಲಿದ್ದಲು ಅಷ್ಟೂ ಉಳಿತಾಯ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917-2007) ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಕಟ್ಟಣೆಯನ್ನು ಜನಪ್ರಿಯಗೊಳಿಸಿದರು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಯನ್ನು ತಡೆಯುತ್ತದೆ. ಇಂಥವರ ಕೃತಿಗಳನ್ನು ಹೋಗಿ ನೋಡುವುದೇ ವಿದ್ಯಾರ್ಥಿಗೆ ಮೊದಲ ಪಾಠವಾಗಬೇಕು.

ಈಗ ವ್ಯಾಸಂಗದ ವಿಚಾರ. ಈ ವೃತ್ತಿಗೆ ಹೋಗಲು ಎರಡು ಮುಖ್ಯ ದಾರಿಗಳಿವೆ. ಒಂದು, ಐದು ವರ್ಷಗಳ ಬಿ.ಆರ್ಕ್. ಪಿ.ಯು.ಸಿ.ಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದಿರಬೇಕು; ವಾಸ್ತುಶಿಲ್ಪ ಪರಿಷತ್ತು ನಡೆಸುವ ‘ನಾಟಾ’ ಎಂಬ ಅಭಿರುಚಿ ಪರೀಕ್ಷೆಯನ್ನು ಬರೆಯಬೇಕು. ಚಿತ್ರ ಬರೆಯುವ ಕೈ, ಆಕಾರವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವ ಕಣ್ಣು ಇವೆಯೇ ಎಂಬುದನ್ನು ಅದು ಪರೀಕ್ಷಿಸುತ್ತದೆ. ಕೇಂದ್ರದ ಸಂಸ್ಥೆಗಳಿಗೆ ಜೆ.ಇ.ಇ. ಮೇನ್‌ನ ಎರಡನೆಯ ಪತ್ರಿಕೆ. ನಮ್ಮ ಭಾಗದವರು ಬೆಂಗಳೂರಿಗೇ ಓಡಬೇಕಾಗಿಲ್ಲ, ಕಲಬುರಗಿಯ ಪಿ.ಡಿ.ಎ. ಕಾಲೇಜಿನಲ್ಲಿಯೂ, ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ ವಾಸ್ತುಶಿಲ್ಪ ವಿಭಾಗಗಳಿವೆ. 1972ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಹೆಸರು ಹಾಕಿಕೊಳ್ಳಬಹುದಾದ್ದರಿಂದ, ಸೇರುವ ಮೊದಲು ಆ ಕಾಲೇಜಿಗೆ ಪರಿಷತ್ತಿನ ಅನುಮೋದನೆ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಲೇಬೇಕು. ಎರಡನೆಯ ದಾರಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಥವಾ ಸಿವಿಲ್ ಶಾಖೆಯ ಬಿ.ಇ. ಶಾಖದ ಹರಿವು, ದ್ರವಗಳ ಚಲನೆ ಇವುಗಳನ್ನು ಚೆನ್ನಾಗಿ ಕಲಿತ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಇಲ್ಲಿ ವಿಶೇಷ ಅನುಕೂಲ. ಅನಂತರ ಸ್ನಾತಕೋತ್ತರ ವ್ಯಾಸಂಗ: ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದಲ್ಲಿ ಕಟ್ಟಡಗಳ ಶಕ್ತಿನಿರ್ವಹಣೆಯನ್ನೇ ವಿಷಯವಾಗುಳ್ಳ ಎಂ.ಟೆಕ್. ಇದೆ, ಹೈದರಾಬಾದಿನ ಐ.ಐ.ಐ.ಟಿ.ಯಲ್ಲಿ ಕಟ್ಟಡ ವಿಜ್ಞಾನದ ಅಧ್ಯಯನಕ್ಕೆ ಅವಕಾಶವಿದೆ; ಸಂಶೋಧನೆಗೆ ಮನಸ್ಸುಳ್ಳವರಿಗೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೇ ಇದೆ. ಎಲ್ಲರೂ ಪದವಿಗೇ ಹೋಗಬೇಕೆಂದಿಲ್ಲ. ಐ.ಟಿ.ಐ., ಡಿಪ್ಲೊಮಾ ಓದಿದ ಹುಡುಗರು ಎ.ಸಿ. ಯಂತ್ರಗಳನ್ನು ಸರಿಯಾಗಿ ಕೂರಿಸಿ ನೋಡಿಕೊಳ್ಳುವ ಕೆಲಸವನ್ನು ಕಲಿತರೂ ಅನ್ನಕ್ಕೆ ಕೊರತೆಯಿಲ್ಲ.

ಕೆಲಸ ಎಲ್ಲಿ ಸಿಗುತ್ತದೆಂದು ತಂದೆತಾಯಿಗಳು ಕೇಳುವುದು ಸಹಜ. 2001ರ ಇಂಧನ ಸಂರಕ್ಷಣಾ ಕಾಯಿದೆಯಂತೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. 2007ರಲ್ಲಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಶಕ್ತಿ ಸಂರಕ್ಷಣೆಯ ಸಂಹಿತೆ ಬಂತು, 2017ರಲ್ಲಿ ಪರಿಷ್ಕೃತವಾಯಿತು; 2022ರ ತಿದ್ದುಪಡಿ ಕಾಯಿದೆ ಈ ವ್ಯವಸ್ಥೆಯನ್ನು ಇನ್ನಷ್ಟು ವಿಸ್ತರಿಸಿತು. ಜೊತೆಗೆ ‘ಗೃಹ’, ಐ.ಜಿ.ಬಿ.ಸಿ. ಮುಂತಾದ ಹಸಿರು ಕಟ್ಟಡಗಳ ಶ್ರೇಣೀಕರಣ ಪದ್ಧತಿಗಳಿವೆ. ಇವೆಲ್ಲವೂ ಲೆಕ್ಕ ಬಲ್ಲವರನ್ನು ಬೇಡುತ್ತವೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ತಂಪು ಕ್ರಿಯಾಯೋಜನೆಯ ಅಂದಾಜಿನಂತೆ ದೇಶದ ತಂಪಿನ ಬೇಡಿಕೆ 2017-18ರಲ್ಲಿದ್ದುದರ ಎಂಟು ಪಟ್ಟಿನಷ್ಟು 2037-38ರ ವೇಳೆಗೆ ಆಗಲಿದೆ. ಅದರಲ್ಲಿ ನೂರಕ್ಕೆ 20ರಿಂದ 25ರಷ್ಟನ್ನಾದರೂ ತಗ್ಗಿಸಬೇಕೆಂಬುದು ಯೋಜನೆಯ ಗುರಿ. ಬ್ಯೂರೋ ನಡೆಸುವ ಇಂಧನ ಲೆಕ್ಕಪರಿಶೋಧಕರ ಪರೀಕ್ಷೆ, ನಾಲ್ಕು ಪತ್ರಿಕೆಗಳದು, ಪದವಿಯ ಜೊತೆಗೆ ಕೆಲವು ವರ್ಷಗಳ ಅನುಭವವಿರುವವರಿಗೆ ತೆರೆದಿದೆ. ಅದರಲ್ಲಿ ತೇರ್ಗಡೆಯಾದವರು ಕಾರ್ಖಾನೆ, ಆಸ್ಪತ್ರೆ, ಹೋಟೆಲುಗಳ ಶಕ್ತಿಬಳಕೆಯನ್ನು ತಪಾಸಣೆ ಮಾಡಬಹುದು.

ಆದರೆ ಸಕ್ಕರೆ ಹಚ್ಚಿ ಹೇಳುವುದು ಸರಿಯಲ್ಲ. ವಾಸ್ತುಶಿಲ್ಪದ ಪದವೀಧರನಿಗೆ ಮೊದಲ ಕೆಲವು ವರ್ಷ ಸಿಗುವ ಸಂಬಳ, ಕಂಪ್ಯೂಟರ್ ಕಂಪನಿ ಸೇರಿದ ನೆರೆಮನೆಯ ಹುಡುಗನ ಸಂಬಳದ ಮುಂದೆ ತೀರ ಸಪ್ಪೆ. ಐದು ವರ್ಷ ನಿದ್ದೆಗೆಟ್ಟು ಮಾದರಿಗಳನ್ನು ಅಂಟಿಸಬೇಕು. ಖಾಸಗಿ ಕಾಲೇಜಿನ ಶುಲ್ಕ ಹಗುರವಲ್ಲ. ತಾನು ಹೇಳಿದ್ದನ್ನು ಕಟ್ಟಡದ ಯಜಮಾನ ಒಪ್ಪದಿದ್ದರೆ ತಾಳ್ಮೆಯಿಂದ ಮತ್ತೆ ಲೆಕ್ಕ ಹಾಕಿ ತೋರಿಸುವ ಸಹನೆ ಬೇಕು. ಹಣವೊಂದನ್ನೇ ನೋಡುವವರು ಬೇರೆ ದಾರಿ ಹಿಡಿಯುವುದು ಲೇಸು.

ನಮ್ಮ ಮನೆಯಲ್ಲಿ ಈ ಜಗಳ 2018ರಲ್ಲಿಯೇ ನಡೆಯಿತು. ನನ್ನ ಮಗಳ ಮಗಳಿಗೆ ಒಳ್ಳೆಯ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಸೀಟು ದೊರೆತಿತ್ತು. ಆಕೆ ಅದನ್ನು ಬಿಟ್ಟು ಬಿ.ಆರ್ಕ್. ಸೇರುತ್ತೇನೆಂದಾಗ ಎಲ್ಲರಿಗಿಂತ ಮೊದಲು ವಿರೋಧಿಸಿದವನು ನಾನೇ. ‘ಮನಿ ಕಟ್ಟೋದು ನಾ ನೋಡೀನಿ, ಅದ್ರಾಗ ಹೆಣ್ಮಕ್ಕಳಿಗೆ ಏನದ?’ ಎಂದೆ. ಆಕೆ ಎದುರು ಮಾತನಾಡಲಿಲ್ಲ, ಹಟವನ್ನೂ ಬಿಡಲಿಲ್ಲ. ಅಳಿಯಂದಿರು ದೊಡ್ಡ ಮನಸ್ಸು ಮಾಡಿದರು. ಮೂರನೆಯ ವರ್ಷದ ಬೇಸಗೆ ರಜೆಯಲ್ಲಿ ಊರಿಗೆ ಬಂದವಳು ಎರಡು ಥರ್ಮಾಮೀಟರುಗಳನ್ನು ತಂದಿದ್ದಳು. ಒಂದನ್ನು ನಮ್ಮ ಹಾಲಿನಲ್ಲಿ ತೂಗುಹಾಕಿದಳು. ಇನ್ನೊಂದನ್ನು, ಹಳೆಯ ಮನೆಯಿಂದ ಉಳಿದಿರುವ ಒಂದೇ ಒಂದು ಭಾಗವಾದ ದನದ ಕೊಟ್ಟಿಗೆಯಲ್ಲಿ. ಒಂದು ವಾರ ದಿನಕ್ಕೆ ಆರು ಸಲ ಬರೆದಿಟ್ಟಳು. ರಾತ್ರಿ ಒಂಬತ್ತು ಗಂಟೆಗೆ, ನಾವೆಲ್ಲ ಊಟ ಮುಗಿಸಿ ಮಲಗುವ ಹೊತ್ತಿಗೆ, ಹಾಲು ಕೊಟ್ಟಿಗೆಗಿಂತ ಐದಾರು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತಿತ್ತು. ‘ಅಜ್ಜಾ, ಎಮ್ಮಿ ನಮಗಿಂತ ಛಂದಾಗಿ ಮಲಗ್ತಾವ ನೋಡ್ರಿ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬೇವಿನ ಮರದ ಕೆಳಗಿನ ಹೊರಸು ಕಣ್ಣ ಮುಂದೆ ಬಂತು.

ಆಕೆ ಕೆಡವಿ ಕಟ್ಟಿರೆನ್ನಲಿಲ್ಲ. ಛಾವಣಿಯ ಮೇಲೆ ಸುಣ್ಣ ಗಾರೆಯಲ್ಲಿ ಒಡೆದ ಬಿಳಿ ಟೈಲುಗಳನ್ನು ಕೂರಿಸಿ ಇಳಿಜಾರು ಮಾಡಿಸಿದಳು. ಬಿಳುಪು ಮೇಲ್ಮೈ ಬಿಸಿಲಿನ ದೊಡ್ಡ ಪಾಲನ್ನು ಹಾಗೆಯೇ ಹಿಂದಕ್ಕೆ ಕಳುಹಿಸುತ್ತದೆ. ಪಶ್ಚಿಮದ ಗಾಜುಗಳ ಮುಂದೆ ಒಂದೂವರೆ ಅಡಿ ಬಿಟ್ಟು ಬಿದಿರ ತಟ್ಟಿಗಳು ಬಂದವು. ಮೇಲೆ ಬಿಸಿಗಾಳಿ ಹೋಗಲು ಎರಡು ಗವಾಕ್ಷಿಗಳನ್ನು ಕೊರೆಸಿದಳು. ಆ ಕೆಲಸದಲ್ಲಿ ಗೌಂಡಿ ನನ್ನ ಮುಖ ನೋಡುತ್ತಿದ್ದ, ನಾನು ಆಕೆಯ ಮುಖ ನೋಡುತ್ತಿದ್ದೆ. ಮಾಳಿಗೆ ಮನೆಯ ತಂಪು ಮರಳಿ ಬಂತೆಂದು ಹೇಳಿದರೆ ಸುಳ್ಳಾದೀತು. ನಾಲ್ಕೂವರೆ ಅಂಗುಲದ ಸ್ಲ್ಯಾಬು ಗೇಣುದ್ದದ ಮಣ್ಣಾಗುವುದಿಲ್ಲ. ಆದರೆ ರಾತ್ರಿಯ ಅಂತರ ಅರ್ಧಕ್ಕೆ ಇಳಿದಿದೆ, ಕೊಳ್ಳಬೇಕೆಂದಿದ್ದ ಎರಡನೆಯ ಎ.ಸಿ.ಯನ್ನು ಕೊಳ್ಳಲಿಲ್ಲ. ನನ್ನ ಮನೆಯವರು ಈಗ ಮಧ್ಯಾಹ್ನ ಹಾಲಿನಲ್ಲಿಯೇ ಕುಳಿತು ಶಾವಿಗೆ ಹೊಸೆಯುತ್ತಾರೆ.

ಪದವಿ ಮುಗಿಸಿ ಎರಡು ವರ್ಷ ಬೆಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ದುಡಿದ ಆಕೆಗೆ ಈಗ ಅಹಮದಾಬಾದಿನಲ್ಲಿ ಎಂ.ಟೆಕ್. ಪ್ರವೇಶ ದೊರೆತಿದೆ. ಬ್ಯಾಂಕಿನ ಸಾಲಕ್ಕೆ ಜಾಮೀನಿನ ಸಹಿ ಈ ಸಲ ನಾನೇ ಹಾಕಿದೆ. ಹೊರಡುವ ಮೊದಲು ಎರಡೂ ಥರ್ಮಾಮೀಟರುಗಳನ್ನೂ ಒಂದು ಗೆರೆ ಹಾಕಿದ ನೋಟುಬುಕ್ಕನ್ನೂ ನನ್ನ ಮೇಜಿನ ಮೇಲಿಟ್ಟು, ದಿನವೂ ಮುಂಜಾನೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಒಂಬತ್ತಕ್ಕೆ ತಪ್ಪದೆ ಬರೆಯಬೇಕೆಂದು ತಾಕೀತು ಮಾಡಿದ್ದಾಳೆ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.